ಏನೂ ಬೆಳೆಯದ ಪ್ಲೇಟು

ಪ್ಲೇಟಿನಲ್ಲಿ ಏನೂ ಬೆಳೆದಿರಲಿಲ್ಲ.

ಕೆಮಿಲೆಂಬೆ ಅದನ್ನು ಲ್ಯಾಬಿನ ಕಿಟಕಿಯ ಬೆಳಕಿಗೆ ಹಿಡಿದಳು. ಓರೆ ಮಾಡಿ ನೋಡಿದಳು. ಹಣ್ಣಾದ ಕಾಫಿಯಷ್ಟು ಕೆಂಪಗಿದ್ದ ಅಗಾರ್ ಎಂಬ ಗಟ್ಟಿ ಲೋಳೆ, ಸುರಿದ ದಿನ ಹೇಗಿತ್ತೋ ಈಗಲೂ ಹಾಗೇ ನುಣ್ಣಗೆ ಹೊಳೆಯುತ್ತಿತ್ತು. ಬೇರೆ ಯಾರಾದರೂ ನೋಡಿದ್ದರೆ ಎಷ್ಟು ಚೆಂದ ಅನ್ನುತ್ತಿದ್ದರು. ಅವಳು ಮಾತ್ರ ಅದನ್ನು ಇನ್ನೊಮ್ಮೆ ಬೆಳಕಿಗೆ ತಿರುಗಿಸಿದಳು.

ಹೊಸದಾಗಿ ರಕ್ತದ ಪ್ಲೇಟುಗಳನ್ನು ಮಾಡಿದಾಗಲೆಲ್ಲ ಅದರಲ್ಲೊಂದನ್ನು ತೆಗೆದು, ಫ್ರಿಜ್ಜಿನಲ್ಲಿ ಜೋಪಾನವಾಗಿಟ್ಟ ಪರಿಚಯದ ಬ್ಯಾಕ್ಟೀರಿಯಾವನ್ನು ಅದರ ಮೇಲೆ ಗೀರಿ, ಇನ್‌ಕ್ಯುಬೇಟರಿನಲ್ಲಿ ಬೆಚ್ಚಗಿಟ್ಟು ನೋಡಬೇಕು. ಬೆಳಿಗ್ಗೆ ಬೆಳೆದಿದ್ದರೆ ಪ್ಲೇಟು ಒಳ್ಳೆಯದು. ಆಮೇಲಷ್ಟೇ ರೋಗಿಗಳ ಮೂತ್ರವನ್ನು ಅದರ ಮೇಲೆ ಹಾಕಬೇಕು. ಈ ಸಲ ಹಳೆಯ ಪ್ಲೇಟುಗಳು ಮುಗಿದಿದ್ದವು, ಗರ್ಭಿಣಿಯರ ಕ್ಲಿನಿಕ್ಕಿನ ದಿನ ಬೇರೆ. ಪರೀಕ್ಷೆ ನಾಳೆ ಮಾಡಿದರಾಯಿತು ಎಂದುಕೊಂಡು ಅವಳು ಹೊಸ ಪ್ಲೇಟುಗಳನ್ನು ಹಾಗೇ ಬಳಸಿಬಿಟ್ಟಿದ್ದಳು. ಎಲ್ಲ ಹೆಂಗಸರಿಗೂ 'ಏನೂ ಬೆಳೆದಿಲ್ಲ' ಎಂಬ ರಿಪೋರ್ಟು ಹೋಗಿತ್ತು. ತಡವಾಗಿ ಮಾಡಿದ ಆ ಪರೀಕ್ಷೆಯ ಪ್ಲೇಟೇ ಈಗ ಅವಳ ಕೈಯಲ್ಲಿತ್ತು.

ಬೆಳೆಯುವುದಾದರೂ ಹೇಗೆ? ಆ ಪ್ಲೇಟುಗಳಲ್ಲಿ ಯಾವುದೂ ಬೆಳೆಯುವಂತಿರಲಿಲ್ಲ.

ಸಾಮಾನ್ಯ ಮೂತ್ರದ ಸೋಂಕಾದರೆ ಪಕ್ಕದ ಹಸಿರು ಅಗಾರಿನ ಪ್ಲೇಟಿನಲ್ಲಿ ಹಳದಿಯಾಗಿ ಎದ್ದು ಕಾಣುತ್ತದೆ. ಆ ಪ್ಲೇಟುಗಳು ಸರಿಯಾಗೇ ಇದ್ದವು. ಆದರೆ ರಕ್ತವಿಲ್ಲದೆ ಸರಿಯಾಗಿ ಮೇಲೇಳದ ಒಂದು ನಾಜೂಕು ಬ್ಯಾಕ್ಟೀರಿಯಾ ಜಾತಿಯಿದೆ. ತಾಯಿಗೆ ನೋವಿಲ್ಲ, ಉರಿಯಿಲ್ಲ, ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಹೆರಿಗೆಯ ಹೊತ್ತಿಗೆ ಮಗುವಿಗೆ ಅಂಟಿದರೆ ಹಸುಗೂಸು ಹಾಲು ಕುಡಿಯುವುದನ್ನೇ ಬಿಡುತ್ತದೆ, ಉಸಿರಿಗೆ ಒದ್ದಾಡುತ್ತದೆ. ಅಂಥ ಒಂದು ಕೂಸನ್ನು ಕೆಮಿಲೆಂಬೆ ನೋಡಿದ್ದಳು. ಇನ್ನೊಂದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ.

ಪ್ಲೇಟನ್ನು ಕೈಯಲ್ಲಿ ಹಿಡಿದೇ ಅವಳು ಆಸ್ಪತ್ರೆಯ ಹಿಂದಿನ ಇಳಿಜಾರಿಗೆ ಓಡಿದಳು.

ಅಲ್ಲಿ ಇಶೆಂಗೋಮ ಕುರಿ ಮೇಯಿಸುತ್ತಿದ್ದ. ಕಟೋಜು ಗುಡ್ಡದ ಆ ಮಿಷನ್ ಆಸ್ಪತ್ರೆಯ ಹುಲ್ಲು ಅವನ ಕುರಿಗಳಿಗೆ, ಅವನ ಕುರಿಗಳ ಕುತ್ತಿಗೆಯಿಂದ ಒಂದೊಂದು ಫ್ಲಾಸ್ಕು ರಕ್ತ ಲ್ಯಾಬಿಗೆ, ಹೀಗೆ ಒಂದು ಏರ್ಪಾಟು ನಡೆದುಕೊಂಡು ಬಂದಿತ್ತು.

"ಈ ಸಲ ರಕ್ತ ತೆಗೆದ ಆ ಕುಂಟು ಕುರಿಗೆ ಔಷಧಿ ಹಾಕಿಸಿದ್ರಾ?"

ಅವನು ತಿರುಗಿದ. ಯಾವತ್ತಿನಂತೆ ನಗುತ್ತಲೇ ತಿರುಗಿದ. ಅವಳ ಮುಖ ನೋಡಿ ನಗು ಅಲ್ಲೇ ನಿಂತಿತು. "ಹಾಕಿಸ್ದೆ. ಕಾಲು ಕೊಳೆತಿತ್ತಲ್ಲ. ಬಿಳೀ ಸೂಜಿ."

"ಪೆನಿಸಿಲಿನ್ನಾ?"

"ಅದೇ ಹೆಸ್ರು ಅಂದ್ರು ಪಶು ಡಾಕ್ಟ್ರು."

"ಆ ಔಷಧಿ ಕುರಿ ರಕ್ತದಲ್ಲಿ ಇರತ್ತೆ ಕಣ್ರೀ! ರಕ್ತದಿಂದ ನನ್ನ ಪ್ಲೇಟಿಗೆ ಬರತ್ತೆ! ಅದರ ಮೇಲೆ ಏನು ಹಾಕಿದ್ರೂ ಸಾಯತ್ತೆ, ನಾನು ಎಲ್ಲರಿಗೂ ಸೋಂಕಿಲ್ಲ ಅಂತ ಬರೆದು ಕಳಿಸ್ತೀನಿ! ಊರಿನ ಸುದ್ದಿಯೆಲ್ಲ ಬಾಯಿ ತುಂಬ ಹೇಳ್ತೀರಲ್ಲ, ಇದೊಂದು ಹೇಳೋಕೆ ನಾಲಿಗೆ ಹೊರಳ್ಲಿಲ್ವಾ?"

ಇಶೆಂಗೋಮ ಬಾಯಿ ತೆರೆದ. ಅಷ್ಟರಲ್ಲಿ ಗದ್ದಲ ಕೇಳಿ ಆಸ್ಪತ್ರೆಯ ಮುಖ್ಯಸ್ಥೆ ಸಿಸ್ಟರ್ ಅಡ್ವೆಂಟಿನ ಜಗಲಿಗೆ ಬಂದು ನಿಂತರು. ಅವನು ಸಿಸ್ಟರನ್ನು ನೋಡಿದ. ಕೆಮಿಲೆಂಬೆಯ ಕೈಯಲ್ಲಿದ್ದ ಪ್ಲೇಟನ್ನು ನೋಡಿದ. ತೆರೆದ ಬಾಯನ್ನು ಮುಚ್ಚಿದ.

"ತಪ್ಪಾಯ್ತು ಸಿಸ್ಟರ್," ಅಂದ. "ನಂದೇ ತಪ್ಪು."

*

ಆ ಮಧ್ಯಾಹ್ನ ಬೇರೆ ಕುರಿಯಿಂದ ರಕ್ತ ತೆಗೆಯಬೇಕಾಯಿತು. ಔಷಧಿ ಮುಟ್ಟದ ಎಳೆಯ ಹೆಣ್ಣುಕುರಿ. ಇಶೆಂಗೋಮ ಅದನ್ನು ಚಿಕ್ಕೋಳು ಅಂತ ಕರೆಯುತ್ತಿದ್ದ. ಅದರ ಹೊಟ್ಟೆಯನ್ನು ಮೊಣಕಾಲುಗಳ ನಡುವೆ ಹಿಡಿದು, ಗದ್ದ ಎತ್ತಿ, ಕುತ್ತಿಗೆಯ ನರ ಕಾಣುವ ಹಾಗೆ ಉಣ್ಣೆಯನ್ನು ಬದಿಗೆ ಸವರಿದ. ಅವಳು ಸೂಜಿ ಚುಚ್ಚಿದಳು. ಗಾಜಿನ ಮಣಿಗಳಿದ್ದ ಫ್ಲಾಸ್ಕಿಗೆ ರಕ್ತ ಇಳಿಯಿತು. ಹೆಪ್ಪುಗಟ್ಟದ ಹಾಗೆ ಅವಳು ಅದನ್ನು ಸುಮ್ಮನೆ ತಿರುಗಿಸುತ್ತ ಕುಳಿತಳು. ಮಣಿಗಳು ಗಾಜಿಗೆ ತಾಗಿ ಸದ್ದು ಮಾಡಿದವು.

ಆ ಸದ್ದನ್ನು ಅವಳು ಅವತ್ತೇ ಮೊದಲು ಕೇಳಿದ್ದು. ಯಾಕೆಂದರೆ ಯಾವಾಗಲೂ ಆ ಹೊತ್ತಿನಲ್ಲಿ ಇಶೆಂಗೋಮ ಮಾತಾಡುತ್ತಿದ್ದ.

ಏನೇನೋ ಮಾತಾಡುತ್ತಿದ್ದ. ತಾನು ಮೊದಲು ದೋಣಿ ಕಟ್ಟುತ್ತಿದ್ದದ್ದು, ಯಾವ ಮರ ನೀರು ಕುಡಿಯುತ್ತದೆ, ಯಾವುದು ಕುಡಿಯುವುದಿಲ್ಲ. ಈ ಕುರಿಗಳು ತೀರಿಕೊಂಡ ಹೆಂಡತಿ ಸಾಕಿದ್ದು, ಅವಳು ಹೋದ ಮೇಲೆ ದೋಣಿ ಬಿಟ್ಟು ಇವುಗಳ ಹಿಂದೆ ಬಂದದ್ದು. ಪಕ್ಕದ ತೋಟದ ಅಜ್ಜಿ ಬಾಳೆಗೊನೆ ಕದ್ದವನನ್ನು ಹಿಡಿಯಲು ಮರದ ಕೆಳಗೇ ಮಲಗಿದ್ದು. ಕೆಮಿಲೆಂಬೆ ಎಲ್ಲದಕ್ಕೂ ಹ್ಞೂಂಗುಟ್ಟುತ್ತಿದ್ದಳು. ಲ್ಯಾಬಿನ ಹಳೆಯ ಫ್ರಿಜ್ಜಿನ ಗುಂಯ್‌ಗುಡುವಿಕೆಯ ಹಾಗೆ ಅವನ ಮಾತು ಅವಳ ಪಾಡಿಗೆ ಅವಳಿರುವಾಗ ಒಂದು ಬದಿಯಲ್ಲಿ ನಡೆದಿರುತ್ತಿತ್ತು.

ಅವತ್ತು ಅವನು ಒಂದು ಮಾತೂ ಆಡಲಿಲ್ಲ. ಚಿಕ್ಕೋಳ ಕಿವಿಯ ಬುಡವನ್ನು ಎರಡು ಬೆರಳಲ್ಲಿ ತುರಿಸುತ್ತ, ಕಣ್ಣು ಕೆಳಗೆ ಹಾಕಿಕೊಂಡು ಕೂತಿದ್ದ. ಅವನ ರೆಪ್ಪೆಗಳು ಇಷ್ಟು ಉದ್ದ ಎಂದು ಅವಳಿಗೆ ಗೊತ್ತಿರಲಿಲ್ಲ. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ. ಎಡಗೈ ಹೆಬ್ಬೆರಳಿನ ಮೇಲೆ ಉಳಿ ಜಾರಿದ ಹಳೆಯ ಗಾಯದ ಗುರುತು.

ಅವನು ತಟಕ್ಕನೆ ತಲೆಯೆತ್ತಿದ. ಅವಳು ಫ್ಲಾಸ್ಕಿನ ಕಡೆ ನೋಡಿದಳು.

"ಸಾಕಾ ಲ್ಯಾಬಮ್ಮೋರೆ?"

"ಸಾಕು."

ಕುರಿಯನ್ನು ಬಿಟ್ಟ. ಎದ್ದು ಹೋದ. ಕೈ ಸುಡದಷ್ಟು ಆರಿದ ಅಗಾರಿಗೆ ರಕ್ತ ಬೆರೆಸಿ ಪ್ಲೇಟುಗಳಿಗೆ ಸುರಿಯುವಾಗ ಲ್ಯಾಬು ಅವಳಿಗೆ ಬಹಳ ದೊಡ್ಡದಾಗಿ ಕಂಡಿತು.

ಮನೆಯೂ ಹಾಗೇ ಇತ್ತು. ಕೆಮಿಲೆಂಬೆ ಸರೋವರದಾಚೆಯ ಮ್ವಾಂಜಾ ಪಟ್ಟಣಕ್ಕೆ ಮದುವೆಯಾಗಿ ಹೋದವಳು. ಮಕ್ಕಳಾಗಲಿಲ್ಲ. ಗಂಡನ ಮನೆಯವರು ಜಗಳವಾಡಲಿಲ್ಲ, ಹೊಡೆಯಲಿಲ್ಲ. ಒಂದು ಬೆಳಿಗ್ಗೆ ಅವಳ ಟ್ರಂಕನ್ನು ಹಡಗಿಗೆ ಹತ್ತಿಸಿ, ದಾರಿಯಲ್ಲಿ ತಿನ್ನಲು ಬೇಯಿಸಿದ ಗೆಣಸು ಕಟ್ಟಿಕೊಟ್ಟು ಕಳಿಸಿದರು. ಅಷ್ಟು ಮರ್ಯಾದೆಯಾಗಿ ಕಳಿಸಿದ್ದಕ್ಕೆ ಅಳುವುದಕ್ಕೂ ಅವಳಿಗೆ ಜಾಗ ಸಿಕ್ಕಲಿಲ್ಲ. ಅಮ್ಮ ಮಾತ್ರ ಏನೂ ಕೇಳದೆ ಬಾಗಿಲು ತೆರೆದಳು. ಹೋದ ಮಳೆಗಾಲದಲ್ಲಿ ಅಮ್ಮನೂ ಹೋದಳು. ಈಗ ಎರಡು ಕೋಣೆಯ ಆ ಮನೆಯಲ್ಲಿ ಅವಳು ಬಾಗಿಲು ತೆರೆದರೆ ಬಾಗಿಲಿನದೇ ಸದ್ದು.

*

ಹೊಸ ಪ್ಲೇಟುಗಳು ಪರೀಕ್ಷೆಯಲ್ಲಿ ಗೆದ್ದವು. ಸಿಸ್ಟರ್ ಫೋನ್ ಮಾಡಿಸಿದರು, ಹೆಂಗಸರು ಗೊಣಗುತ್ತ ಒಬ್ಬೊಬ್ಬರಾಗಿ ಬಂದು ಮತ್ತೆ ಸ್ಯಾಂಪಲ್ ಕೊಟ್ಟುಹೋದರು. ಬರದೆ ಉಳಿದವಳು ಅಸೀಮ್ವೆ ಒಬ್ಬಳೇ. ಸರೋವರದ ದಡದ ರುಬೆಂಜು ಹಳ್ಳಿಯವಳು, ಮೀನುಗಾರನ ಹೆಂಡತಿ, ದಿನ ತುಂಬಿದವಳು. ಅವಳಿಗೆ ಫೋನೂ ಇರಲಿಲ್ಲ.

"ರುಬೆಂಜು ದಾರಿ ನನಗೆ ಗೊತ್ತು," ಇಶೆಂಗೋಮ ಸಿಸ್ಟರ್‌ಗೆ ಹೇಳಿದ. "ಅಲ್ಲೇ ದೋಣಿ ಕಟ್ತಿದ್ದೆ. ನನ್ನ ಬೈಕಲ್ಲಿ ಹೋಗ್ಬರ್ತೀನಿ."

"ನೀನೊಬ್ನೇ ಹೋಗಿ ಏನು ಮಾಡ್ತೀಯ? ಬಸುರಿ ಹತ್ರ ಉಚ್ಚೆ ಕೇಳ್ತೀಯಾ? ಒದೆ ತಿಂತೀಯ." ಸಿಸ್ಟರ್ ಕನ್ನಡಕದ ಮೇಲಿಂದ ಕೆಮಿಲೆಂಬೆಯನ್ನು ನೋಡಿದರು. "ನೀನೂ ಹೋಗು. ಐಸ್ ಡಬ್ಬಿ ಮರೀಬೇಡ."

ಹೀಗೆ ಅವಳು ಅವನ ಬೈಕಿನ ಹಿಂದೆ ಕೂತಳು. ಮಡಿಲಲ್ಲಿ ಐಸ್ ಡಬ್ಬಿ. ಕೆಂಪು ದಾರಿಯ ಎರಡೂ ಬದಿ ಬಾಳೆ, ಬಾಳೆಯ ನೆರಳಲ್ಲಿ ಕಾಫಿ. ಗಾಳಿಗೆ ಅವನ ಅಂಗಿ ಉಬ್ಬಿ ಅವಳ ಮುಖಕ್ಕೆ ಬಡಿಯುತ್ತಿತ್ತು. ಸೋಪಿನ ವಾಸನೆ, ಅದರೊಳಗೆ ಉಣ್ಣೆಯ ವಾಸನೆ. ಬಡಿದರೂ ಅವಳು ಮುಖ ತಿರುಗಿಸಲಿಲ್ಲ.

ಅವನು ಮಾತಾಡಲಿಲ್ಲ. ಇಳಿಜಾರಿನಲ್ಲಿ ಉದ್ದ ಕೊಂಬಿನ ದನಗಳು ದಾರಿ ತುಂಬ ಬಂದಾಗ ಬೈಕು ನಿಲ್ಲಿಸಿ ಕೆಳಗಿಳಿದ. ಪಕ್ಕದ ತೊರೆಯಲ್ಲಿ ಮುಖಕ್ಕೆ ನೀರು ಹಾಕಿಕೊಂಡ. ಅವಳಿಗೆ ತಡೆಯಲಾಗಲಿಲ್ಲ.

"ಒಂದು ಕೇಳ್ತೀನಿ. ನನಗೆ ಹೇಳದೆ ಯಾವತ್ತೂ ಏನೂ ಮಾಡಿದವರಲ್ಲ ನೀವು. ಈ ಸಲ ಯಾಕೆ ಹಾಗೆ ಮಾಡಿದ್ರಿ?"

"ಹೋಗ್ಲಿ ಬಿಡಿ ಲ್ಯಾಬಮ್ಮೋರೆ. ದನ ದಾಟ್ಲಿ, ಹೊರಡೋಣ."

"ಬಿಡೋಕೆ ಆಗ್ತಿಲ್ಲ."

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಹೇಳಿದ್ದೆ," ಅಂದ.

"ಯಾವಾಗ?"

"ಅವತ್ತೇ. ರಕ್ತ ತೆಗೆಯೋಕೆ ಮುಂಚೆ. ಕುಂಟಿಗೆ ಕಾಲು ಕೊಳೆತು ಸೂಜಿ ಹಾಕಿಸಿದೀನಿ, ಇವತ್ತು ಇವಳದ್ದು ಬೇಡ್ವೇನೋ, ಚಿಕ್ಕೋಳನ್ನ ಹಿಡ್ಕೊಂಡ್ ಬರ್ಲಾ ಅಂತ ಕೇಳ್ದೆ. ನೀವು ಹ್ಞೂಂ ಅಂದ್ರಿ. ಹ್ಞೂಂ ಅಂದು ಕುಂಟಿ ಕುತ್ತಿಗೆಗೇ ಚುಚ್ಚಿದ್ರಿ. ನನಗಿಂತ ನಿಮಗೆ ಗೊತ್ತಿರತ್ತೆ, ಪರವಾಗಿಲ್ವೇನೋ ಅಂದ್ಕೊಂಡೆ."

ಕೆಮಿಲೆಂಬೆಗೆ ನೆನಪಾಯಿತು. ಮಾತುಗಳು ನೆನಪಾಗಲಿಲ್ಲ, ಅವನ ದನಿಯ ಏರಿಳಿತ ನೆನಪಾಯಿತು. ಕೊನೆಗೆ ಪ್ರಶ್ನೆಯ ಹಾಗೆ ಮೇಲೆದ್ದ ಆ ಎಳೆ. ಆ ಹೊತ್ತಿಗೆ ಅವಳು ಅಮ್ಮನ ಹಾಸಿಗೆಯನ್ನು ಯಾರಿಗೆ ಕೊಡುವುದು ಎಂದು ಯೋಚಿಸುತ್ತಿದ್ದಳು. ಹ್ಞೂಂ ಅಂದದ್ದು ಅವಳ ಬಾಯಿ, ಕಿವಿ ಎಲ್ಲೋ ಇತ್ತು.

"ಸಿಸ್ಟರ್ ಮುಂದೆ ಯಾಕೆ ಹೇಳ್ಲಿಲ್ಲ?" ದನಿ ಸಣ್ಣದಾಗಿತ್ತು.

"ಹೇಳಿದ್ರೆ ನಿಮ್ಮ ಕೆಲಸಕ್ಕೆ ಕುತ್ತು. ನಂದೇನು, ಬೈಸ್ಕೊಂಡ್ರೆ ಮುಗೀತು." ದನಗಳ ಕೊನೆಯ ಕರು ದಾಟುವುದನ್ನು ಅವನು ನೋಡಿದ. "ಇನ್ನೂ ಒಂದಿದೆ. ಇಷ್ಟು ದಿನ ನಾನು ಆಡಿದ್ದು ಒಂದೂ ನಿಮ್ಮ ಕಿವಿಗೆ ಬಿದ್ದಿಲ್ಲ ಅಂತ ಅವತ್ತೇ ನನಗೆ ಗೊತ್ತಾಗಿದ್ದು. ಅದನ್ನ ಮೂರನೆಯವರ ಮುಂದೆ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು."

ಅವನು ಬೈಕು ಚಾಲೂ ಮಾಡಿದ. ಅವಳು ಹತ್ತಿ ಕೂತಳು. ಕ್ಷಮಿಸಿ ಅನ್ನಬೇಕೆಂದು ಬಾಯಿ ತೆರೆದಳು, ಎಂಜಿನ್ನಿನ ಸದ್ದಿಗೆ ಅದು ಅವನಿಗೆ ಕೇಳುವಂತಿರಲಿಲ್ಲ. ಆದರೂ ಅಂದಳು. ಅವನ ಬೆನ್ನಿಗೆ ಅಂದಳು.

*

ಅಸೀಮ್ವೆ ಬಲೆಯ ಮೇಲೆ ಸಣ್ಣ ಮೀನು ಒಣಹಾಕುತ್ತಿದ್ದಳು. ಹೊಟ್ಟೆ ಎಷ್ಟು ಮುಂದೆ ಬಂದಿತ್ತೆಂದರೆ ಬಗ್ಗಲಾಗದೆ ಕಾಲಲ್ಲೇ ಮೀನನ್ನು ಹರಡುತ್ತಿದ್ದಳು.

"ಮೊನ್ನೆ ಪೇಪರ್ ಕೊಟ್ಟು ಏನೂ ಇಲ್ಲ, ಮನೆಗೆ ಹೋಗು ಅಂದ್ರಿ," ಎಂದಳು. "ಇವತ್ತು ಮನೆ ಬಾಗ್ಲಿಗೇ ಬಂದು ಇನ್ನೊಂದ್ಸಲ ಹುಯ್ದು ಕೊಡು ಅಂತೀರಿ. ನನ್ನ ಉಚ್ಚೆ ಮೇಲೆ ಇಷ್ಟೊಂದು ಪ್ರೀತಿನಾ ನಿಮಗೆ?"

ಕೆಮಿಲೆಂಬೆ ಐಸ್ ಡಬ್ಬಿಯ ಮುಚ್ಚಳ ತೆರೆದಳು. ಹಿಂದಿನಿಂದ ಇಶೆಂಗೋಮನ ದನಿ ಬಂತು.

"ಇವರಿಗೆ ಊರೋರೆಲ್ಲರ ಉಚ್ಚೆ ಮೇಲೂ ಪ್ರೀತಿನೇ ತಾಯಿ. ಮನುಷ್ಯರ ಮೇಲೆ ಮಾತ್ರ ಒಂಚೂರು ಕಮ್ಮಿ."

ಅಸೀಮ್ವೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಮಿಲೆಂಬೆ ತಿರುಗಿ ಅವನನ್ನು ನೋಡಿದಳು. ಅವನ ಬಾಯಿ ಗಂಭೀರವಾಗಿತ್ತು, ಕಣ್ಣಿನ ಅಂಚಿನಲ್ಲಿ ಮಾತ್ರ ಏನೋ ಮಿಣುಕಿತು. ಚುಚ್ಚಿದ್ದೇನೋ ಚುಚ್ಚಿತ್ತು, ಆದರೂ ಅವನು ಮತ್ತೆ ಮಾತಾಡಿದ್ದಕ್ಕೆ ಅವಳ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು.

"ನಿನ್ನ ಗಂಡ ಬಾಯಿ ಜೋರು," ಅಸೀಮ್ವೆ ಅಂದಳು.

"ಗಂಡ ಅಲ್ಲ." ಬೇಕಾದ್ದಕ್ಕಿಂತ ಬೇಗ ಅಂದಳು ಕೆಮಿಲೆಂಬೆ. ಇಶೆಂಗೋಮ ಸರೋವರದ ಕಡೆ ತಿರುಗಿ, ದಡಕ್ಕೆ ಎಳೆದಿಟ್ಟ ದೋಣಿಯೊಂದರ ಹಲಗೆಯನ್ನು ಬೆರಳಲ್ಲಿ ತಟ್ಟುತ್ತ ನಿಂತ.

ಅವಳು ಅಸೀಮ್ವೆಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. "ಮೊನ್ನೆ ನನ್ನ ಪ್ಲೇಟು ಕೆಟ್ಟಿತ್ತು. ತಪ್ಪು ನಂದು. ನಿನಗೆ ಏನೂ ಇಲ್ದೇನೂ ಇರ್ಬಹುದು. ಇದ್ರೆ ಹೆರಿಗೆ ಹೊತ್ತಲ್ಲಿ ಒಂದು ಔಷಧಿ ಕೊಡ್ಬೇಕು, ಕೊಟ್ರೆ ಮಗು ಕ್ಷೇಮ." ತಪ್ಪು ನಂದು ಎಂಬ ಮಾತಿಗೆ ದೋಣಿಯ ಹಲಗೆ ತಟ್ಟುವ ಸದ್ದು ನಿಂತಿತು.

*

ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆರೆಯುವ ಮುಂಚೆ ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಚಿಕ್ಕೋಳ ರಕ್ತದ ಪ್ಲೇಟಿನ ಮೇಲೆ, ಅಸೀಮ್ವೆಯ ಮೂತ್ರದಿಂದ ಅವು ಬೆಳೆದಿದ್ದವು. ರಾಗಿಯ ಕಾಳಿಗಿಂತ ಸಣ್ಣ, ಬೂದು ಬಣ್ಣದ ಚುಕ್ಕಿಗಳು. ಪ್ರತಿ ಚುಕ್ಕಿಯ ಸುತ್ತ ಕೆಂಪು ಕರಗಿ ತಿಳಿಯಾಗಿ ಒಂದೊಂದು ಸಣ್ಣ ಬಳೆ. ಅದೇ ಜಾತಿ. ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು. ಮೊನ್ನೆಯ ರಿಪೋರ್ಟು ನಂಬಿಕೊಂಡು ಅಸೀಮ್ವೆ ಮನೆಯಲ್ಲೇ ಹೆತ್ತಿದ್ದರೆ?

ಲ್ಯಾಬಿನ ಬಾಗಿಲಲ್ಲಿ ಇಶೆಂಗೋಮ ನಿಂತಿದ್ದ. ಕರೆಯದೆ ಒಳಗೆ ಬರುವವನಲ್ಲ.

"ಬನ್ನಿ," ಅಂದಳು. "ನೋಡಿ."

ಅವನು ಹತ್ತಿರ ಬಂದು ಬಗ್ಗಿದ. ಇಬ್ಬರ ತಲೆಯೂ ಒಂದೇ ಪ್ಲೇಟಿನ ಮೇಲೆ. "ಇಷ್ಟೇನಾ?" ಎಂದ ಮೆಲ್ಲಗೆ. "ಇಷ್ಟು ಸಣ್ಣದ್ದಾ?"

"ಇಷ್ಟೇ."

"ಹೊರಡ್ಲಾ? ಅವಳನ್ನ ಕರ್ಕೊಂಡ್ ಬರ್ತೀನಿ. ಬೈಕ್ ಬೇಡ, ಆ ದಾರೀಲಿ ಹೊಟ್ಟೆ ಕುಲುಕತ್ತೆ. ನನ್ನ ಹಳೇ ದೋಣಿಯೋರು ಇದಾರೆ, ನೀರ ಮೇಲೆ ತರ್ತೀನಿ."

ಹಾಗೇ ತಂದ. ಅಸೀಮ್ವೆ ದೋಣಿಯಲ್ಲಿ ಬಂದಿಳಿದು, ಆಸ್ಪತ್ರೆಯ ಹೆರಿಗೆ ವಾರ್ಡಿನ ಹಿಂದಿನ ಕೋಣೆಯಲ್ಲಿ ಉಳಿದಳು. ನೋವು ಶುರುವಾದಾಗ ಅವಳಿಗೆ ಪೆನಿಸಿಲಿನ್ ಕೊಟ್ಟರು. ಕುರಿಯ ಕಾಲಿಗೆ ಹಾಕಿದ್ದ ಅದೇ ಔಷಧಿ ಎಂದು ಇಶೆಂಗೋಮನಿಗೆ ಗೊತ್ತಾದಾಗ ಅವನು ತಲೆ ಕೆರೆದುಕೊಂಡ. ಹೆಣ್ಣು ಮಗು ಹುಟ್ಟಿತು. ಹುಟ್ಟಿದ ತಕ್ಷಣ ಇಡೀ ವಾರ್ಡು ಕೇಳುವ ಹಾಗೆ ಕಿರುಚಿತು, ಗಟಗಟ ಹಾಲು ಕುಡಿಯಿತು. ಆ ಸದ್ದು ಲ್ಯಾಬಿಗೂ ಕೇಳಿತು. ಕೆಮಿಲೆಂಬೆ ಸಿಂಕಿನ ನಲ್ಲಿ ತಿರುಗಿಸಿ, ನೀರು ಹರಿಯಲು ಬಿಟ್ಟು, ಯಾರಿಗೂ ಕಾಣದ ಹಾಗೆ ಅತ್ತಳು.

ಆಮೇಲೆ ಸಿಸ್ಟರ್ ಕೋಣೆಗೆ ಹೋಗಿ ಎಲ್ಲ ಹೇಳಿದಳು.

"ಗೊತ್ತು," ಅಂದರು ಸಿಸ್ಟರ್ ಅಡ್ವೆಂಟಿನ.

"ಗೊತ್ತಾ?"

"ಆ ಮನುಷ್ಯ ಬಾಯಿ ತೆರೆದು ಹಾಗೇ ಮುಚ್ಚಿದ್ದನ್ನ ನಾನು ಜನ್ಮದಲ್ಲಿ ಅವತ್ತೇ ನೋಡಿದ್ದು. ಆಗ್ಲೇ ಅನುಮಾನ ಬಂತು." ಕನ್ನಡಕ ತೆಗೆದು ಒರೆಸಿದರು. "ಪರೀಕ್ಷೆ ಮಾಡದ ಪ್ಲೇಟು ಇನ್ನೊಂದ್ಸಲ ಬಳಸಿದ್ರೆ ನಿನ್ನನ್ನ ಬಟ್ಟೆ ಒಗೆಯೋ ಕಡೆಗೆ ಹಾಕ್ತೀನಿ. ಇನ್ನು ಈ ಕುರಿ ರಕ್ತದ ತಾಪತ್ರಯಾನೇ ಬೇಡ. ರೆಡಿ ಪ್ಲೇಟುಗಳು ಬರ್ತವಂತೆ, ಮ್ವಾಂಜಾದಿಂದ ತರಿಸ್ತೀನಿ."

ಕೆಮಿಲೆಂಬೆ ಬಾಗಿಲ ಬಳಿ ನಿಂತೇ ಇದ್ದಳು.

"ಇನ್ನೇನು?"

"ಏನಿಲ್ಲ ಸಿಸ್ಟರ್."

*

ಹೊಸ ಪ್ಲೇಟುಗಳು ಹಡಗಿನಲ್ಲಿ ಬಂದವು. ನೋಡಲು ಬಹಳ ಚೆಂದ. ರಕ್ತದವು ಸೀಲು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ. ಅವುಗಳ ಜೊತೆ ಇನ್ನೊಂದು ಬಗೆ, ಒಂದೊಂದು ಬ್ಯಾಕ್ಟೀರಿಯಾವನ್ನೂ ಅದರ ಬಣ್ಣದಿಂದಲೇ ಗುರುತಿಸಬಹುದಾದದ್ದು. ಒಂದು ಗುಲಾಬಿ, ಒಂದು ಕಡುನೀಲಿ, ಒಂದು ಪಚ್ಚೆ. ಕೆಲಸ ಬೇಗ ಮುಗಿಯುತ್ತಿತ್ತು. ಬೇಗ ಮುಗಿದ ಮೇಲೆ ಏನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ರಕ್ತ ಬೇಡವಾದ ಮೇಲೆ ಪುಕ್ಕಟೆ ಹುಲ್ಲು ಮೇಯಿಸಲು ಇಶೆಂಗೋಮನಿಗೆ ಸಂಕೋಚ. ಸಿಸ್ಟರ್ ಬಾ ಎಂದರೂ ಅವನು ಬರಲಿಲ್ಲ. ಹಿಂದಿನ ಇಳಿಜಾರಿನ ಹುಲ್ಲು ಮೊಣಕಾಲಿನವರೆಗೆ ಬೆಳೆಯಿತು. ಕೆಮಿಲೆಂಬೆ ಚಹಾ ಕುಡಿಯುತ್ತ ಕಿಟಕಿಯಿಂದ ಅದನ್ನು ನೋಡುತ್ತಿದ್ದಳು. ಹುಲ್ಲು ಗಾಳಿಗೆ ಒಂದೇ ಕಡೆ ಮಲಗಿ ಏಳುತ್ತಿತ್ತು.

ನೀರು ಕುಡಿಯದ ಮರ ಯಾವುದು ಅಂದಿದ್ದ? ಬಾಳೆಗೊನೆ ಕಳ್ಳ ಕೊನೆಗೆ ಸಿಕ್ಕನೇ? ಅವನ ಹೆಂಡತಿಯ ಹೆಸರೇನು? ಎಲ್ಲವನ್ನೂ ಅವನು ಹೇಳಿದ್ದ. ಎದುರಿಗೇ ಕೂತು ಹೇಳಿದ್ದ. ಮನೆಯಲ್ಲಿ ಬೇಯಿಸಿದ ಬಾಳೆಕಾಯನ್ನು ಮುಂದಿಟ್ಟುಕೊಂಡು ಅವಳು ಒಂದೊಂದಾಗಿ ನೆನಪು ಮಾಡಿಕೊಳ್ಳಲು ನೋಡುತ್ತಿದ್ದಳು. ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಅವಳ ಗಂಡ ಅವಳನ್ನು ಕಳಿಸಿದಾಗ ಇಷ್ಟು ಖಾಲಿ ಅನಿಸಿರಲಿಲ್ಲ. ಆಗ ಕಳೆದುಕೊಂಡದ್ದು ಏನೆಂದು ಅವಳಿಗೆ ಗೊತ್ತಿತ್ತು.

ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಎಲ್ಲರೂ ಕೆಳಗಿನ ದಾರಿ ಹಿಡಿದರೆ ಅವಳು ಮೇಲಿನ ದಾರಿ ಹಿಡಿದಳು.

ಅವನ ಮನೆ ಬಾಳೆತೋಟದ ನಡುವೆ ಇತ್ತು. ಅಂಗಳದಲ್ಲಿ ದೊಡ್ಡ ಮೀನಿನ ಮುಳ್ಳಿನ ಹಾಗೆ ಒಂದು ದೋಣಿಯ ಪಕ್ಕೆಲುಬುಗಳು ಎದ್ದಿದ್ದವು. ಮರದ ಹೊಟ್ಟು ತುಂಬಿದ ತಲೆಯೆತ್ತಿ ಇಶೆಂಗೋಮ ನೋಡಿದ, ಉಳಿ ಕೆಳಗಿಟ್ಟು ಎದ್ದು ನಿಂತ.

"ಲ್ಯಾಬಮ್ಮೋರೆ? ರಕ್ತ ಏನಾದ್ರೂ ಬೇಕಿತ್ತಾ?"

"ಬೇಡ."

"ಮತ್ತೆ? ಯಾರಿಗಾದ್ರೂ..."

"ಮಾತು ಕೇಳೋಕೆ ಬಂದೆ."

ಅವನು ಅವಳನ್ನೇ ನೋಡಿದ. ತಮಾಷೆ ಮಾಡುತ್ತಿದ್ದಾಳೆಯೇ ಎಂದು ಅವಳ ತುಟಿಯನ್ನು ನೋಡಿದ, ಕಣ್ಣನ್ನು ನೋಡಿದ. ಆಮೇಲೆ ಒಳಗೆ ಹೋಗಿ, ನೆಲಕ್ಕೆ ಹಾಸಿದ್ದ ಹುಲ್ಲನ್ನು ಕೈಯಲ್ಲೇ ಸಮ ಮಾಡಿ ಕೂರಿಸಿದ. ಸಣ್ಣ ಬುಟ್ಟಿಯಲ್ಲಿ, ಬಂದವರಿಗೆ ಜಗಿಯಲು ಕೊಡುವ, ಬೇಯಿಸಿ ಒಣಗಿಸಿದ ಕಾಫಿ ಬೀಜ ತಂದು ಮುಂದಿಟ್ಟ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು ಜಗಿದಳು.

"ಏನು ಹೇಳ್ಲಿ? ಈಗ ಕೇಳಿದ್ರೆ ಒಂದೂ ಬರ್ತಿಲ್ಲ."

"ನಿಮ್ಮ ಹೆಂಡತಿ ಹೆಸರು ಹೇಳಿ. ಮುಂಚೆ ಹೇಳಿದ್ರಿ, ನಾನು ಕೇಳಿಸ್ಕೊಂಡಿರ್ಲಿಲ್ಲ."

"ಕೊಕುಬೆರ." ಅವನು ಬಾಗಿಲ ಆಚೆ ಬಾಳೆಯ ಬುಡದಲ್ಲಿದ್ದ ಸಮಾಧಿಯ ಕಡೆ ಕೈ ತೋರಿಸಿದ. "ಅಲ್ಲೇ ಇದಾಳೆ. ಅವಳು ಹೋದ್ಮೇಲೆ ಈ ಮನೇಲಿ ನನಗೆ ನನ್ನ ದನಿನೇ ಹೆದರಿಕೆ. ಅದಕ್ಕೇ ನಿಮ್ಮ ಹತ್ರ ಬಂದು ಅಷ್ಟೊಂದು ಮಾತಾಡ್ತಿದ್ದೆ. ರಕ್ತ ತೆಗೆಯೋ ದಿನಕ್ಕೆ ಕಾಯ್ತಿದ್ದೆ. ಏನೇನು ಹೇಳ್ಬೇಕು ಅಂತ ದಾರಿ ತುಂಬ ಜೋಡಿಸ್ಕೊಂಡು ಬರ್ತಿದ್ದೆ."

ಅವಳು ಇನ್ನೊಂದು ಬೀಜ ತೆಗೆದುಕೊಂಡಳು. ಆಮೇಲೆ ಅವಳೇ ಮಾತಾಡಿದಳು. ಮ್ವಾಂಜಾದ ಮನೆ, ಹಡಗು, ಟ್ರಂಕು, ಕಟ್ಟಿಕೊಟ್ಟ ಗೆಣಸು. ಅಮ್ಮನ ಹಾಸಿಗೆಯನ್ನು ಕೊನೆಗೂ ಯಾರಿಗೂ ಕೊಡದೆ ಗೋಡೆಗೆ ಒರಗಿಸಿಟ್ಟದ್ದು. ಇಷ್ಟು ಹೊತ್ತು ಒಂದೇ ಸಮನೆ ಅವಳು ಯಾರೊಡನೆಯೂ ಮಾತಾಡಿರಲಿಲ್ಲ. ಅವನು ನಡುವೆ ಒಂದು ಸದ್ದೂ ಮಾಡದೆ ಕೇಳಿದ. ಹೊರಗೆ ಕುರಿಗಳು ತಾವಾಗೇ ಮನೆಗೆ ಬಂದವು.

"ನನಗೆ ಮಕ್ಕಳಾಗಲ್ಲ," ಅಂದಳು ಕೊನೆಗೆ. "ಅದು ನಿಮಗೆ ಗೊತ್ತಿರ್ಲಿ ಅಂತ ಹೇಳ್ದೆ."

"ಯಾಕೆ ಗೊತ್ತಿರ್ಬೇಕು?"

ಅವಳು ಹುಲ್ಲಿನ ಒಂದು ಎಸಳನ್ನು ಬೆರಳಿಗೆ ಸುತ್ತುತ್ತ ಕೂತಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಅವನು ನಡುವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ.

"ಕೆಮಿಲೆಂಬೆ," ಅಂದ. ಅವಳ ಹೆಸರನ್ನು ಅವನು ಕರೆದದ್ದು ಅದೇ ಮೊದಲು. "ಸಂಜೆ ಆದ್ರೆ ನನಗೆ ಮನೆ ಒಳಗೆ ಹೋಗೋಕೆ ಮನಸ್ಸಾಗಲ್ಲ. ನೀನು ಒಳಗಿದ್ರೆ ಹೋಗ್ತೀನಿ. ನಾನು ಕೇಳೋದು ಇಷ್ಟೇ."

*

ಅವಳನ್ನು ಗುಡ್ಡದವರೆಗೆ ಬಿಡಲು ಅವನು ಬೈಕು ತಳ್ಳಿಕೊಂಡು ತೋಟದ ದಾರಿಯಲ್ಲಿ ನಡೆದ. ಅವಳು ಪಕ್ಕದಲ್ಲಿ ನಡೆದಳು. ಬೈಕು ಇದ್ದೂ ಇಬ್ಬರೂ ಹತ್ತಲಿಲ್ಲ. ಸರೋವರದ ಮೇಲೆ ಬಿಸಿಲು ಕಂದುತ್ತಿತ್ತು.

ಬೇಲಿಯ ಹತ್ತಿರ ಪಕ್ಕದ ತೋಟದ ಅಜ್ಜಿ ಗುದ್ದಲಿ ಊರಿ ನಿಂತಿದ್ದಳು. ಕಳ್ಳನಿಗಾಗಿ ಬಾಳೆಯ ಕೆಳಗೆ ಮಲಗಿದವಳು ಇವಳೇ ಇರಬೇಕು.

"ಏ ಇಶೆಂಗೋಮ, ಯಾರೋ ಇವಳು? ಆಸ್ಪತ್ರೆಯವಳಲ್ವಾ? ಯಾರಿಗೆ ಹುಷಾರಿಲ್ಲ?"

ಇಶೆಂಗೋಮ ಬಾಯಿ ತೆರೆದ. ಕೆಮಿಲೆಂಬೆಯ ಕಡೆ ನೋಡಿದ. ಸುಳ್ಳು ಹೇಳಬೇಕೋ ನಿಜ ಹೇಳಬೇಕೋ, ನಿಜ ಅಂದರೆ ಏನೋ, ಅವಳು ಇನ್ನೂ ಬಾಯಿಬಿಟ್ಟು ಹ್ಞಾಂ ಎಂದಿರಲಿಲ್ಲ.

"ಎಲ್ಲರೂ ಹುಷಾರಾಗಿದೀವಿ ಅಜ್ಜಿ," ಅಂದಳು ಕೆಮಿಲೆಂಬೆ. "ನಾನು ಇವರನ್ನ ಮದುವೆ ಆಗೋಳು."

ಬೈಕು ಅವನ ಕೈಯಿಂದ ಜಾರಿ ಬೇಲಿಗೆ ಒರಗಿತು.

ಅಜ್ಜಿ ಅವಳನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು. ಚರ್ಚಿಗೆ ಉಟ್ಟ ಬಟ್ಟೆ, ದೂಳು ಹತ್ತಿದ ಚಪ್ಪಲಿ, ಔಷಧಿಯ ನೀರಿಗೆ ಬಿರುಕು ಬಿಟ್ಟ ಕೈ.

"ಮಿಡತೆ ಹಿಡಿಯೋಕೆ ಬರತ್ತಾ ನಿನಗೆ?"

"ಬರತ್ತೆ. ಅಮ್ಮ ಕಲಿಸಿದ್ಲು."

"ಹುರಿಯೋಕೆ?"

"ಅದೂ ಬರತ್ತೆ."

"ಸರಿ ಹಾಗಾದ್ರೆ." ಅಜ್ಜಿ ಗುದ್ದಲಿ ಎತ್ತಿ ಹೆಗಲಿಗೆ ಹಾಕಿಕೊಂಡಳು. "ಮೊದಲ ಮಳೆಗೆ ಬರ್ತವೆ. ಹೆಂಡ್ತಿ ಹಿಡಿದು ಹುರಿದ ಮಿಡತೇನೇ ಗಂಡ ತಿನ್ನೋದು ನಮ್ಮಲ್ಲಿ. ಅಷ್ಟರೊಳಗೆ ಬಂದ್ಬಿಡು. ಕೊಕುಬೆರ ಹೋದ್ಮೇಲೆ ಇವನು ಒಂದು ವರ್ಷನೂ ಮಿಡತೆ ತಿಂದಿಲ್ಲ."